ಬಲೆಯೊಳಗಿನ ನೀರು ನಿಂತಾಗ

(ಕಾಸರಗೋಡು ಜಿಲ್ಲೆಯ ಕುಂಬಳೆ ಸಮೀಪದ ಒಂದು ವಾಚನಾಲಯದಲ್ಲಿ ಭಾನುವಾರ ಸಂಜೆ ಆಡಿದ ಮಾತು. ನಡುವೆ ತುಳು, ಮಲಯಾಳದಲ್ಲಿ ಬಂದ ಪ್ರಶ್ನೆಗಳನ್ನೂ ಇಲ್ಲಿ ಕನ್ನಡದಲ್ಲೇ ಬರೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮಾತು ಶುರು ಮಾಡುವ ಮೊದಲು ಈ ಎರಡು ಬಾಟಲಿಗಳನ್ನು ಮೇಜಿನ ಮೇಲೆ ಇಡುತ್ತೇನೆ. ಮಕ್ಕಳೇ, ಮುಟ್ಟಬೇಡಿ. ಒಳಗೆ ಹಾಕಿರುವ ಮದ್ದು ಕೈ ಸುಡುತ್ತದೆ. ಎರಡರಲ್ಲೂ ಮೊಗ್ರಾಲ್ ಹೊಳೆಯ ಹಿನ್ನೀರು ಇದೆ. ಇವತ್ತು ಬೆಳಿಗ್ಗೆ ಆರು ಗಂಟೆಗೆ ಒಂದೇ ಜಾಗದಲ್ಲಿ ದೋಣಿ ನಿಲ್ಲಿಸಿ ತುಂಬಿಸಿದ್ದು. ಒಂದು ಮೇಲಿನ ನೀರು, ಗೇಣು ಆಳದ್ದು. ಇನ್ನೊಂದು ತಳದ್ದು, ಎರಡಾಳು ಕೆಳಗಿನದು. ತಳದ ನೀರಿಗೆ ಸಣ್ಣ ಪೈಪ್ ಇಳಿಸಿದ್ದೆ. ಬಾಟಲಿ ತುಂಬಿ ಮೂರು ಪಟ್ಟು ಹೊರಗೆ ಹರಿದ ಮೇಲೆ, ಒಂದು ಗುಳ್ಳೆಯೂ ಸೇರದಂತೆ ಮುಚ್ಚಿದ್ದೇನೆ. ದೋಣಿಯಲ್ಲೇ ಎರಡು ಮದ್ದು ಹಾಕಿದ್ದೇನೆ: ಮ್ಯಾಂಗನೀಸ್ ಸಲ್ಫೇಟ್, ಆಮೇಲೆ ಕ್ಷಾರ ಬೆರೆಸಿದ ಅಯೊಡೈಡ್. ನೀರಿನಲ್ಲಿ ಆಕ್ಸಿಜನ್ ಇದ್ದರೆ ತಳಕ್ಕೆ ಕೂರುವ ಗಸಿ ಕಂದು ಬಣ್ಣಕ್ಕೆ ತಿರುಗುತ್ತದೆ. ಇಲ್ಲದಿದ್ದರೆ ಬಿಳಿಯಾಗಿಯೇ ಉಳಿಯುತ್ತದೆ. ಹಂಗೇರಿಯ ವಿಂಕ್ಲರ್ ಅನ್ನುವವರು 1888ರಲ್ಲಿ ಹೇಳಿಕೊಟ್ಟ ಉಪಾಯ ಇದು. ಬೆಳಕು ಬೀಳಬಾರದು ಅಂತ ಪೇಪರ್ ಸುತ್ತಿದ್ದೇನೆ. ಕೊನೆಗೆ ಬಿಚ್ಚೋಣ.

ನನ್ನನ್ನು ಇಲ್ಲಿಗೆ ಕರೆದದ್ದು ನಾರ್ವೆಯ ಕತೆ ಹೇಳಲಿಕ್ಕೆ. ನಮ್ಮೂರಲ್ಲಿ ಮನೆಗೊಬ್ಬರು ದುಬೈಯಲ್ಲೋ ಶಾರ್ಜಾದಲ್ಲೋ ಇರುತ್ತಾರೆ. ಮಂಗಳೂರಿನಲ್ಲಿ ಮೀನುಗಾರಿಕೆ ಕಲಿತ ನಾನು ಮಾತ್ರ ದಿಕ್ಕು ತಪ್ಪಿ ಉತ್ತರಕ್ಕೆ ಹೋದೆ. ಮೂರು ವರ್ಷ ಸಾಲ್ಮನ್ ಮೀನಿಗೆ ತಿಂಡಿ ಹಾಕಿದೆ. ನಮ್ಮ ಅಮ್ಮ ಈಗಲೂ ಕೇಳುತ್ತಾರೆ, "ಅಷ್ಟು ದೂರ ಹೋಗಿ ಮೀನಿಗೆ ತಿಂಡಿ ಹಾಕಿದ್ದಾ?" ಅಂತ. ಹೌದು, ಅದೇ ಕೆಲಸ.

ಸಾಲ್ಮನ್ ಅಂದರೆ ಇಲ್ಲಿನ ರಾವಸ್ ಅಲ್ಲ. ಪೇಟೆಯಲ್ಲಿ ರಾವಸನ್ನು ಇಂಡಿಯನ್ ಸಾಲ್ಮನ್ ಅಂತ ಮಾರುತ್ತಾರೆ. ಎರಡಕ್ಕೂ ಸಂಬಂಧವೇ ಇಲ್ಲ. ನಾನು ಹೇಳುವುದು ಅಟ್ಲಾಂಟಿಕ್ ಸಾಲ್ಮನ್, ತಣ್ಣೀರಿನ ಮೀನು. ನಮ್ಮ ಕಡಲಿನ 28-30 ಡಿಗ್ರಿ ನೀರಿನಲ್ಲಿ ಅದು ಬದುಕುವುದಿಲ್ಲ. ಹಾಗಾಗಿ "ಇಲ್ಲಿ ಸಾಕಬಹುದಾ" ಅನ್ನುವ ಪ್ರಶ್ನೆಗೆ ಈಗಲೇ ಉತ್ತರ ಹೇಳಿಬಿಟ್ಟೆ. ಆಗುವುದಿಲ್ಲ.

1970ರಲ್ಲಿ ಹಿತ್ರಾ ಎಂಬ ದ್ವೀಪದಲ್ಲಿ ಗ್ರೋಂಟ್ವೆಟ್ ಮನೆತನದ ಅಣ್ಣತಮ್ಮಂದಿರು ಸಾಲ್ಮನ್ ಸಾಕಲು ಎಂಟು ಮೂಲೆಯ ಗೂಡು ಕಟ್ಟಿ ಕಡಲಿಗೆ ಬಿಟ್ಟರು. ನಾರ್ವೆಯ ಈ ದಂಧೆ ಬೆಳೆದದ್ದು ಅಲ್ಲಿಂದ. ಪತ್ರಿಕೆಯವರು ಪಂಜರ ಕೃಷಿ ಅಂತ ಬರೆಯುತ್ತಾರೆ. ಗೂಡು ಅಂದರೆ ನಮಗೆ ಬೇಗ ತಿಳಿಯುತ್ತದೆ. ಈಗಿನ ಗೂಡು ಎಷ್ಟು ದೊಡ್ಡದು ಗೊತ್ತಾ? ದಪ್ಪ ಪ್ಲಾಸ್ಟಿಕ್ ಪೈಪಿನ ಉಂಗುರ, ಅಡ್ಡಳತೆ 50 ಮೀಟರ್ ತನಕ. ಅದರಿಂದ ಬಲೆ ಇಳಿಬಿಟ್ಟಿರುತ್ತಾರೆ, 20 ಮೀಟರ್, ಕೆಲವು ಕಡೆ ಇನ್ನೂ ಆಳ. ಒಂದು ಗೂಡಿನಲ್ಲಿ ಎರಡು ಲಕ್ಷಕ್ಕಿಂತ ಜಾಸ್ತಿ ಮೀನು ಇರಬಾರದು ಅಂತ ಅಲ್ಲಿನ ಕಾನೂನು. ಒಂದು ಘನ ಮೀಟರ್ ನೀರಿಗೆ 25 ಕಿಲೋ ಮೀನು, ಅದಕ್ಕಿಂತ ಹೆಚ್ಚಿಲ್ಲ.

ಕೇಳಿದರೆ ಧಾರಾಳ ಅನಿಸುತ್ತದೆ. ಸಾವಿರ ಲೀಟರ್ ನೀರಿಗೆ ಬರೀ 25 ಕಿಲೋ. ನನಗೂ ಹಾಗೇ ಅನಿಸಿತ್ತು.

ನೀರಿನಲ್ಲಿ ಆಕ್ಸಿಜನ್ ಎಷ್ಟಿರುತ್ತದೆ ಅಂತ ನೋಡಿ. ನಾವು ಉಸಿರಾಡುವ ಒಂದು ಲೀಟರ್ ಗಾಳಿಯಲ್ಲಿ ಸುಮಾರು 270 ಮಿಲಿಗ್ರಾಂ ಆಕ್ಸಿಜನ್ ಇದೆ. 15 ಡಿಗ್ರಿಯ ಕಡಲ ನೀರಿನಲ್ಲಿ ಒಂದು ಲೀಟರಿಗೆ ಎಂಟು ಮಿಲಿಗ್ರಾಂ. ಅದೂ ತುಂಬಿ ತುಳುಕುವಾಗ. ನೀರು ಬಿಸಿಯಾದಷ್ಟೂ ಕಡಿಮೆ ಹಿಡಿಯುತ್ತದೆ, ಉಪ್ಪಾದಷ್ಟೂ ಕಡಿಮೆ. ನಮ್ಮ ಕಡಲು 28 ಡಿಗ್ರಿಯಲ್ಲಿ ಹಿಡಿಯುವುದು ಆರೂವರೆ ಮಿಲಿಗ್ರಾಂಗಿಂತ ಸ್ವಲ್ಪ ಕಡಿಮೆ. ಇನ್ನೊಂದು ಕಷ್ಟ ಇದೆ. ನೀರು ಬಿಸಿಯಾದರೆ ಮೀನಿನ ಮೈ ಜೋರಾಗಿ ಉರಿಯುತ್ತದೆ, ಅದಕ್ಕೆ ಹೆಚ್ಚು ಉಸಿರು ಬೇಕು. ನೀರು ಕೊಡುವುದು ಕಡಿಮೆ, ಮೀನು ಕೇಳುವುದು ಜಾಸ್ತಿ. ಎಳೆ ಸಾಲ್ಮನ್ ಮೇಲೆ ನಡೆಸಿದ ಪ್ರಯೋಗಗಳಲ್ಲಿ, 6 ಡಿಗ್ರಿ ನೀರಿನಲ್ಲಿ ಆಕ್ಸಿಜನ್ ಸುಮಾರು ಶೇ 30ಕ್ಕೆ ಇಳಿದರೂ ಮೀನು ಹೇಗೋ ತಡೆದುಕೊಳ್ಳುತ್ತದೆ. 18 ಡಿಗ್ರಿಯಲ್ಲಿ ಶೇ 55ಕ್ಕೇ ಅದರ ಉಸಿರು ಕಟ್ಟಲು ಶುರು. ಶೇ ಅಂದರೆ, ಆ ನೀರು ಎಷ್ಟು ಹಿಡಿಯಬಹುದೋ ಅದರಲ್ಲಿ ಎಷ್ಟು ಪಾಲು ಇದೆ ಅಂತ.

ಈಗ ಒಂದು ಬಾಯಿ ಲೆಕ್ಕ. 50 ಮೀಟರ್ ಅಗಲ, 20 ಮೀಟರ್ ಆಳದ ಗೂಡಿನಲ್ಲಿ ಸುಮಾರು ನಾಲ್ಕು ಕೋಟಿ ಲೀಟರ್ ನೀರು. ಬೇಸಿಗೆಯಲ್ಲಿ ನಮ್ಮ ಬೀದಿಗೆ ಬರುವ 12,000 ಲೀಟರಿನ ಟ್ಯಾಂಕರ್‌ನಲ್ಲಿ ತಂದರೆ ಮೂರು ಸಾವಿರ ಚಿಲ್ಲರೆ ಟ್ಯಾಂಕರ್ ಆಯಿತು. ಲೀಟರಿಗೆ ಎಂಟು ಮಿಲಿಗ್ರಾಂ ಅಂದರೆ ಗೂಡಿನಲ್ಲಿ ಒಟ್ಟು 320 ಕಿಲೋ ಆಕ್ಸಿಜನ್. ಮೀನು 500 ಟನ್ ಅಂತ ಇಟ್ಟುಕೊಳ್ಳಿ. ಕಾನೂನಿನ ಮಿತಿಯ ಅರ್ಧ ಮಾತ್ರ. ಒಂದು ಕಿಲೋ ಮೀನಿಗೆ ನಿಮಿಷಕ್ಕೆ 3 ಮಿಲಿಗ್ರಾಂ ಆಕ್ಸಿಜನ್ ಬೇಕು ಅಂತ ಹಿಡಿಯೋಣ. ಆಗ ಇಡೀ ಗೂಡಿಗೆ ನಿಮಿಷಕ್ಕೆ ಒಂದೂವರೆ ಕಿಲೋ. ಹರಿವು ಪೂರ್ತಿ ನಿಂತರೆ ಎಂಟು ಮಿಲಿಗ್ರಾಂ ಐದಕ್ಕೆ ಇಳಿಯಲು 80 ನಿಮಿಷ ಸಾಕು.

ಅದೂ ಮೀನು ಇಡೀ ಗೂಡಿನಲ್ಲಿ ಸಮವಾಗಿ ಹರಡಿಕೊಂಡಿದ್ದರೆ. ಹಾಗೆ ಯಾವತ್ತೂ ಇರುವುದಿಲ್ಲ. ಸಾಲ್ಮನ್‌ಗೆ ತನಗೆ ಹಿಡಿಸುವ ಬಿಸಿ ಬೇಕು. ಮೇಲೆ ತಣ್ಣಗಿದ್ದರೆ ಕೆಳಗೆ, ಕೆಳಗೆ ತಣ್ಣಗಿದ್ದರೆ ಮೇಲೆ, ಎಲ್ಲವೂ ಒಂದೇ ಪದರಕ್ಕೆ ನುಗ್ಗುತ್ತವೆ. ಕುಂಬಳೆ ಸ್ಟೇಷನ್‌ನಲ್ಲಿ ರೈಲು ಬಂದಾಗ ಹಿಂದಿನ ಬೋಗಿ ಖಾಲಿ ಇರುತ್ತದೆ, ಜನ ಎಲ್ಲ ಮುಂದಿನ ಬೋಗಿಗೇ ಹತ್ತುತ್ತಾರಲ್ಲ, ಹಾಗೆ. 500 ಟನ್ ಮೀನು ಐದು ಮೀಟರಿನ ಒಂದು ಪದರಕ್ಕೆ ಸೇರಿದರೆ 80 ನಿಮಿಷ 20 ನಿಮಿಷವಾಗುತ್ತದೆ. ಗೂಡಿನ ಉಳಿದ ನೀರಿನಲ್ಲಿ ಆಕ್ಸಿಜನ್ ಬೇಕಾದಷ್ಟಿದೆ. ಮೀನು ಇರುವಲ್ಲಿ ಇಲ್ಲ.

ಇದನ್ನು ನಾನು ಪುಸ್ತಕದಲ್ಲಿ ಕಲಿತದ್ದಲ್ಲ. ಅಲ್ಲಿ ನನ್ನ ಕೆಲಸ ಒಂದು ತೇಲುವ ಕಟ್ಟಡದಲ್ಲಿ. ಕೋಣೆಯೊಳಗೆ ಕೂತು ಪರದೆ ನೋಡುವುದು, ಪೈಪಿನಲ್ಲಿ ಗಾಳಿಯ ಜೊತೆ ತಿಂಡಿ ಕಳಿಸುವುದು. ಸೆಪ್ಟೆಂಬರ್ ಕೊನೆಯ ಒಂದು ದಿನ. ನೀರು ಇನ್ನೂ ಬಿಸಿ ಬಿಟ್ಟಿರಲಿಲ್ಲ, ಮೀನು ಬೇಸಿಗೆಯೆಲ್ಲ ತಿಂದು ದಪ್ಪ ಆಗಿತ್ತು. ಆಕ್ಸಿಜನ್ ಪರದೆಯಲ್ಲಿ ಶೇ 85. ಎಲ್ಲ ಸರಿ. ಆದರೆ ಕ್ಯಾಮೆರಾದಲ್ಲಿ ನೋಡಿದರೆ ತಿಂಡಿಯ ಕಾಳು ಮೀನಿನ ಮೂಗಿನ ಮುಂದೆಯೇ ಉದುರಿಹೋಗುತ್ತಿದೆ. ಒಂದೂ ಬಾಯಿ ಹಾಕುತ್ತಿಲ್ಲ. ಕಿವಿರು ಮುಚ್ಚಿ ತೆರೆಯುವುದು ಮಾಮೂಲಿಗಿಂತ ಜೋರು. ನಾನು ತಿಂಡಿ ಇನ್ನೂ ಸ್ವಲ್ಪ ಹೆಚ್ಚು ಬಿಟ್ಟೆ, ದಡ್ಡನ ಹಾಗೆ. ಜೊತೆಗಿದ್ದ ಹಿರಿಯ ಕೆಲಸಗಾರ ಏನೂ ಹೇಳದೆ ಕೈಯಲ್ಲಿ ಹಿಡಿಯುವ ಮೀಟರ್ ತೆಗೆದುಕೊಂಡು ಹೊರಟ. ಗೂಡಿನ ನಡುವೆ, ಎಂಟು ಮೀಟರ್ ಕೆಳಕ್ಕೆ ವಯರ್ ಇಳಿಸಿದ. ಶೇ 58. ನಮ್ಮ ಪರದೆಗೆ ಅಂಕೆ ಕಳಿಸುತ್ತಿದ್ದ ಸೆನ್ಸರ್ ಇದ್ದದ್ದು ಗೂಡಿನ ಹೊರಗೆ, ಕಟ್ಟಡದ ಪಕ್ಕದಲ್ಲಿ. ಅಲ್ಲಿ ನೀರು ಹರಿಯುತ್ತಿತ್ತು. ನಾವು ಬೆಳಗಿನಿಂದ ಖಾಲಿ ಬೋಗಿಯಲ್ಲಿ ತಲೆ ಎಣಿಸುತ್ತಾ ಕೂತಿದ್ದೆವು.

ಆ ದಿನ ಒಂದು ಮೀನೂ ಸಾಯಲಿಲ್ಲ. ಭರತ, ಅಂದರೆ ಕಡಲಿನ ಉಬ್ಬರ, ಬಂತು, ನೀರು ಓಡಿತು, ಎರಡು ತಾಸಿನಲ್ಲಿ ಮೀನು ತಿಂಡಿಗೆ ಬಂದವು. ಆಕ್ಸಿಜನ್ ಕಡಿಮೆ ಅಂದರೆ ಸಾವು ಅಂತ ನಾವು ತಿಳಿದುಕೊಂಡಿರುತ್ತೇವೆ. ಮೊದಲು ಹೋಗುವುದು ಹಸಿವು. ಅಲ್ಲಿ ಸಾಲ್ಮನ್ ಸಾಕುವ ಖರ್ಚಿನ ಸುಮಾರು ಅರ್ಧ ತಿಂಡಿಯದ್ದೇ. ತಿನ್ನದೆ ಉದುರಿದ ಕಾಳು ತಳಕ್ಕೆ ಹೋಗಿ ಕೊಳೆಯುತ್ತದೆ. ಕೊಳೆಯಲಿಕ್ಕೂ ಆಕ್ಸಿಜನ್ ಬೇಕು. ನಾನು ಆ ದಿನ ಜಾಸ್ತಿ ಬಿಟ್ಟ ತಿಂಡಿ ಅದೇ ಕೆಲಸಕ್ಕೆ ಹೋಯಿತು.

ನೀರು ಯಾಕೆ ನಿಲ್ಲುತ್ತದೆ? ಭರತ ಮುಗಿದು ಇಳಿತ ಶುರುವಾಗುವ ಮೊದಲು ಸ್ವಲ್ಪ ಹೊತ್ತು ಸುಮ್ನೆ ನಿಲ್ಲುತ್ತದಲ್ಲ, ಅದು ಒಂದು. ಬಲೆ ಇನ್ನೊಂದು. ಬಲೆಯ ಕಣ್ಣಿಗೆ ಪಾಚಿ, ಹುಳು, ಚಿಪ್ಪು ಹಿಡಿದರೆ ಅದು ಬಲೆಯಲ್ಲ, ಗೋಣಿ. ಅಲ್ಲಿ ಬಲೆ ತೊಳೆಯುವುದಕ್ಕೇ ಯಂತ್ರ ಇದೆ, ಬೇಸಿಗೆಯಲ್ಲಿ ಮತ್ತೆ ಮತ್ತೆ ತೊಳೆಯುತ್ತಾರೆ. ನಮ್ಮಲ್ಲಿ ಬಲೆಗೆ ಹಿಡಿಯುವುದು ಪಚ್ಚಿಲೆ ಚಿಪ್ಪು, ನಿಮ್ಮ ಕಲ್ಲುಮ್ಮಕಾಯಿ. ಪಡನ್ನ, ಚೆರುವತ್ತೂರು ಕಡೆಯ ಹೆಂಗಸರು ಅದನ್ನೇ ಹಗ್ಗಕ್ಕೆ ಕಟ್ಟಿ ಬೆಳೆಸಿ ಹೆಸರು ಮಾಡಿದ್ದಾರೆ. ನನಗೆ ಮಾತ್ರ ಕರೆಯದೇ ಬಂದು ಬಲೆಗೆ ಕೂರುತ್ತದೆ. ಇನ್ನೊಂದು ಕಾರಣ ಕೇಳಿದರೆ ನಗು ಬರುತ್ತದೆ. ಸಾಲ್ಮನ್‌ಗೆ ಹೇನಿನ ಕಾಟ. ಹೇನಿನ ಮರಿಗಳು ಮೇಲಿನ ನೀರಿನಲ್ಲಿ ಇರುತ್ತವೆ ಅಂತ ಗೂಡಿನ ಮೇಲ್ಭಾಗಕ್ಕೆ ಸುತ್ತಲೂ ಟಾರ್ಪಾಲಿನ ಲಂಗ ಉಡಿಸುತ್ತಾರೆ. ಹೇನು ತಡೆಯಿತು. ಜೊತೆಗೆ ಹೊಸ ನೀರೂ ತಡೆಯಿತು.

ಮೀನೂ ಸುಮ್ಮನಿರುವುದಿಲ್ಲ ಅನ್ನಿ. ಸಾವಿರಾರು ಸಾಲ್ಮನ್ ಒಂದೇ ದಿಕ್ಕಿಗೆ ಸುತ್ತು ಹಾಕುತ್ತಾ ಇರುತ್ತವೆ. ಆ ಸುತ್ತಿಗೇ ಗೂಡಿನ ನೀರು ಸ್ವಲ್ಪ ಕದಡಿ ಹೊಸ ನೀರು ಎಳೆದುಕೊಳ್ಳುತ್ತದೆ.

ದೊಡ್ಡ ಅನಾಹುತಗಳೂ ಆಗಿವೆ. 2019ರ ಬೇಸಿಗೆಯ ಕೊನೆಗೆ ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಕರಾವಳಿಯ ಗೂಡುಗಳಲ್ಲಿ 26 ಲಕ್ಷ ಸಾಲ್ಮನ್ ಸತ್ತವು. ನೀರು ದಿನಗಟ್ಟಲೆ ಬಿಸಿಯಾಗಿತ್ತು, ಆಕ್ಸಿಜನ್ ಇಳಿದಿತ್ತು. ಆದರೆ ನನಗೆ ನಿದ್ದೆ ಕೆಡಿಸುವುದು ಅದಲ್ಲ, ಆಸ್ಟ್ರೇಲಿಯಾದ ಟಾಸ್ಮೇನಿಯಾ ದ್ವೀಪದ ಮಕ್ವಾರಿ ಹಾರ್ಬರ್. ಅದು ಯಾಕೆಂದರೆ, ನಕಾಶೆ ನೋಡಿದರೆ ನಮ್ಮ ಅಳಿವೆಯ ಅಣ್ಣನ ಹಾಗೆ ಕಾಣುತ್ತದೆ. ಒಳಗೆ ಅಗಲವಾದ, ಆಳವಾದ ಹಿನ್ನೀರು. ಕಡಲಿಗೆ ಸೇರುವ ಬಾಯಿ ಮಾತ್ರ ಕಿರಿದು, ಆಳವೂ ಇಲ್ಲ. ಆ ಬಾಯಿಗೆ ಅಲ್ಲಿನವರು ಇಟ್ಟ ಹೆಸರು ಹೆಲ್ಸ್ ಗೇಟ್ಸ್, ನರಕದ ಬಾಗಿಲು. ಹಿಂದೆ ಅಲ್ಲಿ ಕೈದಿಗಳ ದ್ವೀಪ ಇತ್ತು. ಒಳಗೆ ಗಾರ್ಡನ್, ಕಿಂಗ್ ಅನ್ನುವ ಹೊಳೆಗಳು ಚಹಾದ ಬಣ್ಣದ ಸಿಹಿನೀರು ತರುತ್ತವೆ. ಸಿಹಿನೀರು ಹಗುರ. ಅದು ಮುಚ್ಚಳದ ಹಾಗೆ ಮೇಲೆ ಕೂರುತ್ತದೆ. ಕೆಳಗಿನ ಉಪ್ಪುನೀರಿಗೆ ಗಾಳಿ ಮುಟ್ಟುವುದಿಲ್ಲ. ಕಡಲಿನ ಹೊಸ ನೀರು ಒಳಗೆ ಬರುವುದು ಎಂದೋ ಒಮ್ಮೆ.

ಅಂಥ ಜಾಗದಲ್ಲಿ 2012ರಿಂದ ಈಚೆ ಸಾಲ್ಮನ್ ಸಾಕಣೆ ಹೆಚ್ಚಿಸಿದರು. ತಳದ ಆಕ್ಸಿಜನ್ ಕುಸಿಯಿತು. ಮೀನಿನ ಉಸಿರು, ಉದುರಿದ ತಿಂಡಿ, ಹೊಲಸು, ಎಲ್ಲ ಸೇರಿ. ಅಲ್ಲಿ ಮೌಜಿಯನ್ ಸ್ಕೇಟ್ ಅಂತ ಒಂದು ಮೀನಿದೆ, ನಮ್ಮ ತೊರಕೆಯ ಹಾಗೆ ಚಪ್ಪಟೆ. ತಳದಲ್ಲಿ ಬದುಕುತ್ತದೆ, ತಳದಲ್ಲೇ ಮೊಟ್ಟೆ ಇಡುತ್ತದೆ. 2014ರಿಂದ 2021ರ ಒಳಗೆ ಅದರ ಸಂಖ್ಯೆ ಶೇ 47ರಷ್ಟು ಇಳಿಯಿತು ಅಂತ ಟಾಸ್ಮೇನಿಯಾ ವಿಶ್ವವಿದ್ಯಾಲಯದವರು 2023ರಲ್ಲಿ ವರದಿ ಕೊಟ್ಟರು. ಆ ಮೀನನ್ನು ಯಾರೂ ಹಿಡಿಯಲು ಹೋದದ್ದಲ್ಲ. ಈಗ ಆಳದ ನೀರಿಗೆ ಸಣ್ಣ ಗುಳ್ಳೆಗಳ ಮೂಲಕ ಆಕ್ಸಿಜನ್ ಸೇರಿಸುವ ಪ್ರಯೋಗ ಮಾಡುತ್ತಿದ್ದಾರೆ. ಮಾಡಲಿ. ಆದರೆ ಹೊಳೆಗೆ ಸಿಲಿಂಡರ್ ಹಚ್ಚುವ ತನಕ ಕಾಯಬೇಕಾಗಿತ್ತಾ ಅಂತ ನನಗೆ ಅನಿಸುತ್ತದೆ.

ಇಲ್ಲಿ ಹಿಂದಿನ ಸಾಲಿನಿಂದ ಒಬ್ಬ ತಮ್ಮ ಕೇಳಿದ: "ಅಣ್ಣಾ, ನಾರ್ವೆ ಆಯ್ತು, ಟಾಸ್ಮೇನಿಯಾ ಆಯ್ತು. ನಿಮ್ಮ ಗೂಡಿನಲ್ಲಿ ಸತ್ತ ಮೀನಿನ ಕತೆ ಯಾವಾಗ?" ಸಭೆ ನಕ್ಕಿತು. ಊರಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯವೇ.

ಹೇಳುತ್ತೇನೆ. ಊರಿಗೆ ಬಂದ ಮೇಲೆ ಭಾವ ಮತ್ತು ನಾನು ಸೇರಿ ಹಿನ್ನೀರಿನಲ್ಲಿ ಎರಡು ಗೂಡು ಹಾಕಿದೆವು. ನಾಲ್ಕು ಮೀಟರ್ ಚೌಕದವು. ಕಾಳಾಂಜಿ ಮೀನು. ಸಾಲ್ಮನ್‌ಗಿಂತ ಗಟ್ಟಿ ಜೀವ, ಆದರೂ ಲೀಟರಿಗೆ ನಾಲ್ಕು ಮಿಲಿಗ್ರಾಂಗಿಂತ ಇಳಿಯಬಾರದು ಅಂತ ನಾನೇ ನಿಯಮ ಮಾಡಿದ್ದೆ. ನಾರ್ವೆಯಲ್ಲಿ ಇದ್ದು ಬಂದವನಲ್ವಾ, ಮೀಟರ್ ಇಲ್ಲದೆ ಆಗುತ್ತದಾ? ಒಂದು ಅಂಗಡಿಯಿಂದ ತರಿಸಿದೆ. ದಿನಾ ಬೆಳಿಗ್ಗೆ ಹತ್ತಕ್ಕೆ ಅಳೆದು ಪುಸ್ತಕದಲ್ಲಿ ಬರೆಯುತ್ತಿದ್ದೆ. 6.8, 7, 7.1. ಪುಸ್ತಕ ಈಗಲೂ ಇದೆ. ಅಕ್ಷರ ಬಹಳ ಚಂದ.

ಅದರಲ್ಲಿ ಎರಡು ತಪ್ಪು. ಹತ್ತು ಗಂಟೆಗೆ ಬಿಸಿಲು ಬಿದ್ದು ನೀರಿನ ಪಾಚಿ ಆಕ್ಸಿಜನ್ ಬಿಡುತ್ತಿರುತ್ತದೆ. ರಾತ್ರಿ ಅದೇ ಪಾಚಿ ಉಸಿರಾಡಿ ಆಕ್ಸಿಜನ್ ತಿನ್ನುತ್ತದೆ. ಎಲ್ಲಕ್ಕಿಂತ ಕಡಿಮೆ ಇರುವುದು ಬೆಳಗಿನ ಜಾವ. ನಾನು ಅಳೆದದ್ದು ನೀರು ಚೇತರಿಸಿಕೊಂಡ ಮೇಲೆ. ಎರಡನೆಯದು, ಆ ಮೀಟರಿಗೆ ನೀರಿನ ಉಪ್ಪು ಎಷ್ಟು ಅಂತ ಹೇಳಿಕೊಡಬೇಕು. ಇಲ್ಲದಿದ್ದರೆ ಅದು ಸಿಹಿನೀರು ಅಂತಲೇ ಲೆಕ್ಕ ಹಾಕುತ್ತದೆ. 28 ಡಿಗ್ರಿಯಲ್ಲಿ ಸಿಹಿನೀರು ಹಿಡಿಯುವುದು 7.8, ಕಡಲ ನೀರು 6.4. ಮೇ ತಿಂಗಳಲ್ಲಿ ನಮ್ಮ ಹಿನ್ನೀರು ಕಡಲಿನಷ್ಟೇ ಉಪ್ಪು. ಅಂದರೆ ಮೀಟರ್ ದಿನಾ ಐದರಲ್ಲಿ ಒಂದು ಪಾಲು ಜಾಸ್ತಿ ಹೇಳುತ್ತಿತ್ತು. ಮಾರಿದವನು ಇದನ್ನು ಹೇಳಲಿಲ್ಲ. ಫೋನ್ ಮಾಡಿ ಕೇಳಿದರೆ, ಪುಸ್ತಕದಲ್ಲಿ ಇದೆ ಸಾರ್ ಅಂದ. ಇತ್ತು, ನಿಜ. ನಾನು ಓದಿರಲಿಲ್ಲ. ನಾರ್ವೆಯಲ್ಲಿ ಒಮ್ಮೆ ಪೆಟ್ಟು ತಿಂದವನು ಊರಿನಲ್ಲಿ ಅದೇ ಪೆಟ್ಟು ಮತ್ತೆ ತಿಂದೆ. ಸೆನ್ಸರ್ ಎಲ್ಲಿದೆ ಅಂತ ಅಲ್ಲಿ ಕೇಳಲಿಲ್ಲ, ಯಾವಾಗ ಅಳೆಯುತ್ತೇನೆ ಅಂತ ಇಲ್ಲಿ ಕೇಳಲಿಲ್ಲ.

ನಾಲ್ಕು ವರ್ಷದ ಹಿಂದಿನ ಮೇ ತಿಂಗಳು. ಅಳಿವೆಯ ಬಾಯಿಗೆ ಮರಳು ಕಟ್ಟಿತ್ತು, ಅರ್ಧಕ್ಕರ್ಧ ಮುಚ್ಚಿತ್ತು. ಮೂರು ದಿನ ಮೋಡ. ಮೂರನೇ ರಾತ್ರಿ ಮೊದಲ ಮಳೆ ಬಿತ್ತು, ತೋಟದ ಕಸ, ತರಗೆಲೆ ಎಲ್ಲ ತೊಳೆದು ಹೊಳೆಗೆ ತಂದಿತು. ಅಷ್ಟಮಿ ಬೇರೆ. ಹುಣ್ಣಿಮೆ ಅಮಾವಾಸ್ಯೆಗೆ ನೀರು ಏರಿಳಿಯುವುದು ಜೋರು, ಅಷ್ಟಮಿ ನವಮಿಗೆ ಸಪ್ಪೆ. ಇದನ್ನು ನಾನು ನಿಮಗೆ ಹೇಳಬೇಕಾಗಿಲ್ಲ. ಬೆಳಗಿನ ಜಾವ ನಾಲ್ಕೂವರೆಗೆ ಭಾವನ ಫೋನ್. "ಮೀನು ಮೇಲೆ ಬಂದು ಬಾಯಿ ಬಿಡ್ತಾ ಉಂಟು, ಬೇಗ ಬಾ." ಹೋಗಿ ಟಾರ್ಚ್ ಹಾಕಿದರೆ ನೀರಿನ ಮೇಲೆಲ್ಲ ಬರೀ ಬಾಯಿ. ಚಪ್ ಚಪ್ ಚಪ್ ಅಂತ ಸದ್ದು, ಮಳೆ ಹನಿ ಬೀಳುವ ಹಾಗೆ. ಕಾಳಾಂಜಿಯ ಕಣ್ಣು ಟಾರ್ಚಿಗೆ ಕೆಂಪಗೆ ಹೊಳೆಯುತ್ತದೆ. ನೂರಾರು ಕೆಂಪು ಕಣ್ಣು, ಒಂದೂ ಬೆಳಕಿಗೆ ಹೆದರಿ ಕೆಳಗೆ ಹೋಗುತ್ತಿಲ್ಲ. ಬಕೆಟಿನಿಂದ ನೀರು ಎತ್ತಿ ಸುರಿದೆವು. ತೋಟದ ಪಂಪ್ ತಂದು ನೀರು ಚಿಮ್ಮಿಸಿದೆವು. ಆ ಅವಸರದಲ್ಲಿ ಪಂಪಿನ ಬಾಯಿಯನ್ನು ತಳಕ್ಕೇ ಇಳಿಸಿದ್ದೆವು. ಎಲ್ಲಕ್ಕಿಂತ ಕೆಟ್ಟ ನೀರನ್ನು ಎತ್ತಿ ಎತ್ತಿ ಮೀನಿಗೆ ಕೊಟ್ಟೆವು. ಬೆಳಗಾಗುವಾಗ ಒಂದು ಗೂಡಿನ ಮುಕ್ಕಾಲು ಪಾಲು ಹೊಟ್ಟೆ ಮೇಲಾಗಿತ್ತು. ಪಕ್ಕದ ಗೂಡು, ಹತ್ತು ಮಾರು ದೂರದ್ದು, ಬಲೆಯನ್ನು ಹಿಂದಿನ ವಾರವಷ್ಟೇ ತೊಳೆದದ್ದು, ಅದರಲ್ಲಿ ಸತ್ತದ್ದು ಹದಿನಾಲ್ಕು ಮೀನು.

ಈಗ ನಾವು ಮಾಡುವುದು ಏನೂ ದೊಡ್ಡದಲ್ಲ. ಬೆಳಗಿನ ಜಾವ ಐದಕ್ಕೆ ಅಳೆಯುತ್ತೇವೆ, ಮೂರು ಆಳದಲ್ಲಿ, ಬಲೆಯ ಒಳಗೆ. ಮೀಟರಿಗೆ ಉಪ್ಪು ಹೇಳಿಕೊಟ್ಟಿದ್ದೇವೆ. ಅಷ್ಟಮಿಯ ಆಚೀಚೆ ಎರಡು ದಿನ ತಿಂಡಿ ಅರ್ಧ. ಮೋಡ ಇದ್ದರೆ ಸಂಜೆಯ ತಿಂಡಿ ಇಲ್ಲವೇ ಇಲ್ಲ. ಹೊಟ್ಟೆ ತುಂಬಿದ ಮೀನಿಗೆ ಆಕ್ಸಿಜನ್ ಜಾಸ್ತಿ ಬೇಕು, ಖಾಲಿ ಹೊಟ್ಟೆಯದು ರಾತ್ರಿ ಕಳೆಯುತ್ತದೆ. ಮೀನಿನ ಸಂಖ್ಯೆಯನ್ನೂ ಮೊದಲಿಗಿಂತ ಮೂರರಲ್ಲಿ ಒಂದು ಪಾಲು ಇಳಿಸಿದೆವು. ಭಾವನಿಗೆ ಅದು ಇನ್ನೂ ಪೂರ್ತಿ ಒಪ್ಪಿಗೆ ಇಲ್ಲ.

ಒಬ್ಬರು ಹೊರಗಿನ ಕಡಲಿನ ಬಗ್ಗೆ ಕೇಳಿದರು. ಹಿನ್ನೀರು ಬಿಟ್ಟು ಕಡಲಿಗೇ ಹೋದರೆ ಈ ತಲೆನೋವು ಇಲ್ಲವಲ್ಲಾ ಅಂತ. ಅಲೆಯ ಮಾತು ಬದಿಗಿಡಿ. ಅರಬ್ಬಿ ಸಮುದ್ರದ ನಡು ಆಳದಲ್ಲಿ, ಸುಮಾರು 150 ಮೀಟರಿನಿಂದ 1000 ಮೀಟರ್ ತನಕ, ಆಕ್ಸಿಜನ್ ಬಹಳ ಕಡಿಮೆ ಇರುವ ದೊಡ್ಡ ಪದರ ಇದೆ. ಮಳೆಗಾಲದಲ್ಲಿ ಕೆಳಗಿನ ತಣ್ಣನೆಯ ನೀರು ಕರಾವಳಿಯ ಕಡೆಗೆ ಏರಿ ಬರುತ್ತದೆ. ಮೇಲೆ ಮಳೆನೀರು, ಹೊಳೆನೀರು ಮುಚ್ಚಳ ಹಾಕುತ್ತದೆ. ಸೆಪ್ಟೆಂಬರ್, ಅಕ್ಟೋಬರ್ ಹೊತ್ತಿಗೆ ಗೋವಾ, ಕರ್ನಾಟಕ ಕರಾವಳಿಯ ತಳದ ನೀರಿನಲ್ಲಿ ಆಕ್ಸಿಜನ್ ಇಲ್ಲದಂತಾಗುವುದನ್ನು ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ ನಖ್ವಿ ಮತ್ತು ಜೊತೆಗಾರರು 2000ದಲ್ಲಿ ಬರೆದು ಜಗತ್ತಿಗೆ ತಿಳಿಸಿದರು. ಮಕ್ವಾರಿಯ ಅದೇ ಮುಚ್ಚಳ, ನೂರಾರು ಮೈಲಿ ಉದ್ದಕ್ಕೆ.

ಸರಿ, ಈಗ ಬಾಟಲಿ. ಮುಂದಿನ ಸಾಲಿನ ಹುಡುಗಿ ಬಂದು ಪೇಪರ್ ಬಿಚ್ಚಿದಳು. ಮೇಲಿನ ನೀರಿನ ಬಾಟಲಿಯಲ್ಲಿ ತಳಕ್ಕೆ ಕೂತ ಗಸಿ ಕಂದು, ಹಳೆ ಅಡಿಕೆ ಸಿಪ್ಪೆಯ ಬಣ್ಣ. ತಳದ ನೀರಿನದ್ದು ಹೆಚ್ಚುಕಡಿಮೆ ಬಿಳಿ, ಗಂಜಿ ತಿಳಿಯ ಹಾಗೆ, ಎಲ್ಲೋ ಒಂದು ಚೂರು ಹಳದಿ. ಎರಡೂ ಒಂದೇ ದೋಣಿಯಿಂದ, ಒಂದೇ ಹೊತ್ತಿನಲ್ಲಿ ತೆಗೆದದ್ದು. ಇವತ್ತು ನವಮಿ.

ಬೀಸುಬಲೆ ಹಾಕುವ ಒಬ್ಬರು ಹಿರಿಯರು ಎದ್ದು ಬಂದು ಕನ್ನಡಕ ಹಾಕಿಕೊಂಡು ಎರಡನ್ನೂ ನೋಡಿದರು. "ಇದು ಯಾವ ಜಾಗದ ನೀರು? ಸೇತುವೆಯ ಕೆಳಗಿನ ಆ ಗುಂಡಿಯದ್ದಾ?" ಅಂದರು. ಹೌದು ಅಂದೆ. "ಅಷ್ಟಮಿಗೆ ಅಲ್ಲಿ ಬಲೆ ಹಾಕಿದರೆ ಏನೂ ಸಿಗುವುದಿಲ್ಲ ಮಾರಾಯ. ಆ ದಿನ ಮೀನೆಲ್ಲ ದಡದ ಬದಿಗೆ, ಕಲ್ಲಿನ ಹತ್ತಿರ ಇರ್ತವೆ. ನಮ್ಮ ಅಪ್ಪನೂ ಹಾಗೇ ಹೇಳ್ತಿದ್ದರು." ಹೊಳೆಯಲ್ಲಿ ಅಂಥ ಗುಂಡಿಗಳು ಎಷ್ಟಿವೆ ಅಂತ ಕೇಳಿದೆ. ಬೆರಳು ಮಡಚುತ್ತಾ ಏಳರ ತನಕ ಎಣಿಸಿದರು. ಬರುವ ಅಷ್ಟಮಿಗೆ ಬೆಳಿಗ್ಗೆ ಐದಕ್ಕೆ ಅವರನ್ನು ದೋಣಿಗೆ ಕರೆದಿದ್ದೇನೆ. ಬಾಟಲಿ ಹದಿನಾಲ್ಕು ಬೇಕು.